ಯಾರಿಗೂ ಕಾಯದ ಬೆಳಗಿನ ಬಸ್ಸು

ಕಂಡಕ್ಟರು ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಹೆಂಡತಿಗೆ ಸಿಟ್ಟು ಬಂದರೆ "ಏನ್ರೀ" ಹೋಗಿ "ಕಂಡಕ್ಟ್ರೇ" ಬರುತ್ತಿತ್ತು. ಸಿಟ್ಟಿಗೆ ಬೇಕಾದ ಹಳೆಯ ಕಾರಣವೊಂದು ಆಕೆಯ ಬಳಿ ಸದಾ ಸಿದ್ಧವಿತ್ತು. ಮದುವೆಯಾದ ಹೊಸತರಲ್ಲಿ ಅಕ್ಕನನ್ನು ನೋಡಲು ಬಂದಿದ್ದ ಆಕೆಯ ತಮ್ಮ, ವಾಪಸು ಹೋಗುವ ದಿನ ಸೂಟ್‌ಕೇಸು ಹೊತ್ತು ಬಸ್ ಸ್ಟ್ಯಾಂಡಿನೊಳಗೆ ಓಡಿಬರುತ್ತಿದ್ದ. ಬಸ್ಸಿನ ಬಾಗಿಲಲ್ಲಿ ನಿಂತಿದ್ದವರು ಸ್ವಂತ ಭಾವ. ಭಾವ ಗಡಿಯಾರ ನೋಡಿದರು, ಭಾವಮೈದುನನನ್ನು ನೋಡಿದರು, ಸೀಟಿ ಊದಿ "ರೈಟ್" ಅಂದರು. ಹುಡುಗ ಸೂಟ್‌ಕೇಸಿನ ಮೇಲೆ ಕೂತು ಮುಂದಿನ ಬಸ್ಸಿಗೆ ಮಧ್ಯಾಹ್ನದವರೆಗೆ ಕಾದ.

"ಕಣ್ಣಾರೆ ಕಂಡೂ ಬಿಟ್ಟು ಹೋದ್ರಲ್ರೀ," ಎಂದು ಹೆಂಡತಿ ಈಗಲೂ ಕೇಳುತ್ತಿದ್ದಳು.

"ಒಬ್ಬನಿಗೆ ಕಾದ್ರೆ ಒಳಗೆ ಕೂತ ಅಷ್ಟೂ ಜನಕ್ಕೆ ಮೋಸ ಮಾಡ್ದಂಗೆ," ಎಂದು ಕಂಡಕ್ಟರು ಈಗಲೂ ಅದೇ ಉತ್ತರ ಕೊಡುತ್ತಿದ್ದರು.

ಉತ್ತರದಲ್ಲಿ ತಪ್ಪಿಲ್ಲ, ನೋಡಿ. ಅದೇ ಬಂದ ತೊಂದರೆ. ತಪ್ಪು ಮಾತಾಗಿದ್ದರೆ ಎಂದಾದರೊಮ್ಮೆ ಬಿಟ್ಟಾರು. ಸರಿಯಾದ ಮಾತನ್ನು ಬಿಡಿಸುವವರು ಯಾರು?

ಇಂಥ ಮನುಷ್ಯನಿಗೆ ಹೃದಯ ಕೈಕೊಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಯಿತು. ಆಮೇಲೆ ಮಲಗಿದರೂ ಸಾಲದಾಯಿತು. ತಲೆಯ ಕೆಳಗೆ ಒಂದಿದ್ದ ದಿಂಬು ಮೂರಾಗಿ, ಕೊನೆಗೆ ಕುರ್ಚಿಯಲ್ಲೇ ಕೂತು ತೂಕಡಿಸುವಂತಾಯಿತು. ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಅಚ್ಚೊತ್ತತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತಿ ಬಳಸದೆ ಹೇಳಿದರು: ಹೃದಯ ನಿಂತಿಲ್ಲ, ಆದರೆ ರಕ್ತ ಒತ್ತುವ ಶಕ್ತಿ ಬಹಳ ಕಮ್ಮಿಯಾಗಿದೆ. ಇನ್ನು ಮಾತ್ರೆ ತಪ್ಪಿಸುವ ಹಾಗಿಲ್ಲ, ಉಪ್ಪಿನ ಆಸೆ ಪಡುವ ಹಾಗಿಲ್ಲ, ಮನೆಯಲ್ಲಿ ಕೂತೇ ಇರುವ ಹಾಗಿಲ್ಲ. ಅದಕ್ಕೇ ಆಸ್ಪತ್ರೆಯಲ್ಲೊಂದು ವ್ಯಾಯಾಮದ ತರಗತಿ ಇತ್ತು.

ತರಗತಿ ಎಂದರೆ ಹೊರರೋಗಿಗಳ ವಿಭಾಗದ ಪಡಸಾಲೆಯ ತುದಿಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ತುಂಬುತ್ತಿದ್ದ ಉದ್ದ ಕೋಣೆ. ಗೋಡೆಗೆ ಒರಗಿಸಿದ ನಾಲ್ಕು ಸೈಕಲ್ಲುಗಳು, ಎಷ್ಟು ತುಳಿದರೂ ಎಲ್ಲಿಗೂ ಹೋಗದಂಥವು. ಎರಡು ಟ್ರೆಡ್‌ಮಿಲ್. ನಾಡಿ ನೋಡಲು ಬೆರಳಿಗೆ ಕಚ್ಚಿಸುವ ಕ್ಲಿಪ್ಪು. ಇವೆಲ್ಲದರ ನಡುವೆ ಕೀಂಯ್ ಕೀಂಯ್ ಎನ್ನುವ ಬೂಟು ಹಾಕಿಕೊಂಡು ಓಡಾಡುವ ಚಿಕ್ಕ ವಯಸ್ಸಿನ ವ್ಯಾಯಾಮದ ಮೇಡಂ. ವಯಸ್ಸಿನಲ್ಲಿ ಮಗಳಂತಿದ್ದರೂ ಗದರುವುದರಲ್ಲಿ ಅತ್ತೆಯಂತಿದ್ದಳು.

"ನಡೀತಾ ಮಾತಾಡ್ತಿರಬೇಕು. ಮಾತು ತುಂಡಾಗ್ತಿದೆ ಅಂದ್ರೆ ನಿಧಾನ ಮಾಡಿ. ಓಡೋದು ಅನ್ನೋದನ್ನ ಈ ಜನ್ಮಕ್ಕೆ ಮರೆತುಬಿಡಿ. ಬೆಳಿಗ್ಗೆ ಎದ್ದ ತಕ್ಷಣ ತೂಕ ನೋಡ್ಕೊಳ್ಳಿ. ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ. ಗುಳಿ ಬಿದ್ದಿದ್ದು ಹಾಗೇ ಉಳೀತು ಅಂದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ. ಅವತ್ತು ವಾಕಿಂಗ್ ಇಲ್ಲ, ಸೀದಾ ಇಲ್ಲಿಗೆ ಬರಬೇಕು. ತಿಳೀತಾ?"

"ತಿಳೀತು," ಎಂದು ಎಲ್ಲರೂ ಶಾಲೆಯ ಮಕ್ಕಳ ಹಾಗೆ ಅನ್ನುತ್ತಿದ್ದರು.

ಎಲ್ಲರೂ ಎಂದರೆ ಆ ತಂಡದಲ್ಲಿ ಒಂದೇ ಬಡಾವಣೆಯವರು ನಾಲ್ವರು. ಕಂಡಕ್ಟರು. ಅವರಿಗಿಂತ ಹಿರಿಯರಾದ, ದಿನಕ್ಕೆ ಹತ್ತು ಮಾತೂ ಆಡದ ಡ್ರಾಯಿಂಗ್ ಮೇಷ್ಟ್ರು. ಮಾರ್ಕೆಟ್ಟಿನ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ, ಎಂಥ ಬೀಗಕ್ಕಾದರೂ ಕೀಲಿ ಮಾಡಿಕೊಟ್ಟು ತನ್ನ ಬಾಯಿಗೆ ಮಾತ್ರ ಬೀಗ ಸಿಕ್ಕದ ಬೀಗದಣ್ಣ. ಮತ್ತೆ ಟೈಲರಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಇಡೀ ಬಡಾವಣೆಯ ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದನ್ನೆಲ್ಲ ಸರಿಮಾಡಿದವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಬೇಕರಿಯಲ್ಲಿ ಕೆಲಸ ಮಾಡುವ ಮಗಳು ಬೆಳಕು ಹರಿಯುವ ಮುಂಚೆಯೇ ಹೊರಡುತ್ತಿದ್ದಳು. ತುಂಬ ನಗುವ ಹೆಂಗಸು ಈ ಅಕ್ಕ. ಸೈಕಲ್ಲು ತುಳಿಯುವಾಗಲೂ "ಮಿಷನ್ ತುಳಿದೂ ತುಳಿದೂ ಇಲ್ಲಿಗೆ ಬಂದೆ, ಇಲ್ಲೂ ಅದೇ ಗತಿಯಾ ಮೇಡಂ?" ಎಂದು ನಗಿಸುವಳು.

ಕೋರ್ಸು ಮುಗಿದ ದಿನ ಮೇಡಂ ಎಲ್ಲರ ಕೈ ಕುಲುಕಿದಳು. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ, ಇದ್ದಿದ್ದನ್ನ ಹೇಳ್ತೀನಿ," ಅಂದಳು. "ಇಲ್ಲಿ ನಮ್ಮ ಕಣ್ಣೆದುರಿಗೆ ಎಲ್ಲರೂ ಮಾಡ್ತಾರೆ. ಮನೆಗೆ ಹೋದ ಮೇಲೆ ಮೊದಲು ಮಳೆ ಅಂತಾರೆ, ಆಮೇಲೆ ಮಂಡಿನೋವು ಅಂತಾರೆ, ಆಮೇಲೆ ಏನೂ ಅನ್ನಲ್ಲ. ಕೂತುಬಿಡ್ತಾರೆ. ಫೋನ್ ಮಾಡಿದ್ರೆ ಎತ್ತಲ್ಲ. ಮತ್ತೆ ನೋಡೋದು ವಾರ್ಡಲ್ಲೇ. ಕೆಲವರನ್ನ ಅಲ್ಲೂ ನೋಡಲ್ಲ."

ಕಂಡಕ್ಟರಿಗೆ ಈ ಮಾತು ನಾಟಿತು. ಮನೆಗೆ ಬಂದವರು ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರು: "ನಾಲ್ಕು ಜನ ಇದೀವಿ. ನಾನೊಂದು ರೂಟ್ ಮಾಡ್ತೀನಿ. ನಮ್ಮನೆಯಿಂದ ಹೊರಟು ಒಬ್ಬೊಬ್ಬರ ಮನೆ ಮುಂದೂ ಒಂದು ಸ್ಟಾಪು. ಹತ್ತಿಸ್ಕೊಂಡು ನೀರಿನ ಟ್ಯಾಂಕಿನ ತನಕ ಹೋಗಿ ವಾಪಸು."

"ಬಸ್ಸಿಲ್ಲ, ಬೋರ್ಡಿಲ್ಲ, ಕಂಡಕ್ಟ್ರಿಗೆ ಮಾತ್ರ ಟಿಕೇಟಿನ ಚಪಲ," ಅಂದಳು ಹೆಂಡತಿ. ಆದರೆ ಅವಳೇ ಪೆಟ್ಟಿಗೆಯ ತಳದಿಂದ ಹಳೆಯ ಸೀಟಿಯನ್ನು ಹುಡುಕಿ, ಬಿಸಿನೀರಿನಲ್ಲಿ ತೊಳೆದು ಕೊಟ್ಟಳು.

ಮೊದಮೊದಲು ಅವರು ಕಾಯುತ್ತಿದ್ದರು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಕಂಡಕ್ಟರು ತಮ್ಮನ್ನು ತಾವೇ ದೂರಿಕೊಂಡಾಗ ಇದನ್ನು ಯಾರೂ ನೆನೆಯಲಿಲ್ಲ. ಕಾದರೆ ಏನಾಗುತ್ತಿತ್ತು ಎಂದರೆ, ಬೀಗದಣ್ಣ ಒಂದು ಕೈಯಲ್ಲಿ ಬ್ರಷ್ಷು ಹಿಡಿದು ಬಾಗಿಲಿಗೆ ಬಂದು "ಬನ್ನಿ, ಟೀ ಕುಡ್ಕೊಂಡು ಹೋಗೋಣ" ಅನ್ನುವನು. ಟೀ ಆಗುವಷ್ಟರಲ್ಲಿ ಬಿಸಿಲು ಬರುವುದು. ಬಿಸಿಲು ಬಂದ ಮೇಲೆ "ನಾಳೆ ನೋಡೋಣ" ಬರುವುದು. ಮೇಷ್ಟ್ರು ಎರಡು ದಿನ ಬಾಗಿಲನ್ನೇ ತೆರೆಯಲಿಲ್ಲ. ಮೇಡಂ ಹೇಳಿದ್ದ ಕೂತುಬಿಡುವ ರೋಗ ನಾಲ್ವರಿಗೂ ಹತ್ತುತ್ತಿರುವುದನ್ನು ಕಂಡಕ್ಟರು ಕಣ್ಣಾರೆ ಕಂಡರು.

ಆಗ ಸರ್ವೀಸಿನ ಕಾನೂನು ಹೊರಬಂತು. ಮನೆಯ ಮುಂದೆ ನಿಂತು ಎರಡು ಸಲ ಸೀಟಿ. ಬಂದರೆ ಬಂದರು. ಬರದಿದ್ದರೆ ರೈಟ್. ಯಾರಿಗೂ ಕಾಯುವುದಿಲ್ಲ.

ಒಂದೇ ವಾರದಲ್ಲಿ ಬಡಾವಣೆ ಕಣ್ಣರಳಿಸಿ ನೋಡುವಂತಾಯಿತು. ಬಸ್ಸು ತಪ್ಪಿಸಿಕೊಳ್ಳುವುದು ಯಾರಿಗೆ ತಾನೆ ಇಷ್ಟ? ಬೀಗದಣ್ಣ ಬೂಟು ಕಟ್ಟಿಕೊಂಡು ಮೆಟ್ಟಿಲ ಮೇಲೆ ಮೊದಲೇ ಕೂತಿರುತ್ತಿದ್ದ. ಮೇಷ್ಟ್ರು ಟೋಪಿ ಹಾಕಿಕೊಂಡು ಗೇಟಿಗೆ ಆತು ನಿಂತಿರುತ್ತಿದ್ದರು. ಟೈಲರಕ್ಕನಂತೂ ರಸ್ತೆಯಂಚಿಗೇ ಬಂದು, ಕೈ ಅಡ್ಡ ಹಿಡಿದು "ಹೋಲ್ಡಾನ್, ಸೀಟಿದೆಯಾ ಕಂಡಕ್ಟ್ರಣ್ಣ?" ಎಂದು ಕೇಳುವಳು. "ಹಿಂದೆ ಹೋಗಿ, ಹಿಂದೆ ಹೋಗಿ," ಎಂದು ಬೀಗದಣ್ಣ ಜಾಗ ಬಿಡುವನು. ದಾರಿಯುದ್ದಕ್ಕೂ ಮಾತು. ಮಾತು ತುಂಡಾದವರ ಕಡೆ ಕಂಡಕ್ಟರ ಕಣ್ಣು. ಮಳೆ ಬಂದ ದಿನ ಮಾರ್ಕೆಟ್ಟಿನ ಮಾಡಿನ ಕೆಳಗೆ ಸುತ್ತಿದರೇ ಹೊರತು ಒಂದು ಟ್ರಿಪ್ಪೂ ರದ್ದಾಗಲಿಲ್ಲ. ಕಂಡಕ್ಟರು ಮತ್ತೆ ಒಂದೇ ದಿಂಬಿನ ಮೇಲೆ ಮಲಗತೊಡಗಿದರು. ಮೇಷ್ಟ್ರು ಕೈಚೀಲ ಹಿಡಿದು ತಾವೇ ತರಕಾರಿಗೆ ಹೋಗಿಬಂದರು. ತಪಾಸಣೆಗೆಂದು ಹೋದಾಗ ಮೇಡಂ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ನೋಡಿದಳು.

"ನಾವು ಫೋನ್ ಮಾಡಿ ಮಾಡಿ ಸೋತ್ವಿ. ನಿಮ್ಮ ಸೀಟಿಗೆ ಆಯ್ತಲ್ಲ ಸಾರ್!" ಅಂದಳು.

ಆ ದಿನ ಕಂಡಕ್ಟರು ಮನೆಗೆ ಬಂದು, ಹೆಂಡತಿಯ ತಮ್ಮನ ಸೂಟ್‌ಕೇಸಿನ ಕತೆಯನ್ನು ತಾವಾಗಿಯೇ ಎತ್ತಿ, "ನೋಡ್ದ್ಯಾ? ಕಾಯದೇ ಇರೋದ್ರಿಂದ ನಾಲ್ಕು ಜೀವ ಉಳೀತು," ಎಂದರು. ಹೆಂಡತಿ ಒಲೆಯ ಕಡೆ ತಿರುಗಿದಳು. ಗೆದ್ದ ಗಂಡಸಿನ ಹತ್ತಿರ ವಾದ ಮಾಡುವ ಹುಚ್ಚು ಆಕೆಗೆ ಎಂದೋ ಬಿಟ್ಟುಹೋಗಿತ್ತು.

ಚಳಿ ಶುರುವಾದ ಮೇಲಿನ ಒಂದು ಬೆಳಿಗ್ಗೆ. ಕಂಡಕ್ಟರು, ಮೇಷ್ಟ್ರು, ಬೀಗದಣ್ಣ ಮೂವರೂ ಟೈಲರಕ್ಕನ ಮನೆಯ ಮುಂದೆ ಬಂದರು. ರಸ್ತೆಯಂಚಿನಲ್ಲಿ ಅಕ್ಕ ಇರಲಿಲ್ಲ. ಸೀಟಿ ಊದಿದರು. ಮುಚ್ಚಿದ ಬಾಗಿಲಿನ ಆಚೆಯಿಂದ ದನಿ ಬಂತು: "ಬಂದೆ, ಬಂದೆ! ಒಂದ್ನಿಮಿಷ!"

ಎರಡನೆಯ ಸಲ ಊದಿದರು.

"ಒಂದ್ನಿಮಿಷ ಕಂಡಕ್ಟ್ರಣ್ಣ!"

ಮೇಷ್ಟ್ರು ಗೇಟಿನ ಮೇಲೆ ಕೈಯಿಟ್ಟು ನಿಂತರು. ಕಂಡಕ್ಟರು ಗಡಿಯಾರ ನೋಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವತ್ತು ಅಕ್ಕನಿಗೆ ಕಾದರೆ ನಾಳೆ ಬೀಗದಣ್ಣನ ಟೀ ಮತ್ತೆ ಶುರುವಾಗುತ್ತದೆ ಎಂದಷ್ಟೇ ಇತ್ತು. "ಮುಂದಿನ ಸ್ಟಾಪಲ್ಲಿ ಹತ್ಕೊಳ್ಳಲಿ, ರೈಟ್," ಅಂದರು. ಹೊರಟರು.

ಟ್ಯಾಂಕಿಗೆ ಹೋಗುವ ದಾರಿ ರೈಲು ಸೇತುವೆಯ ಮೇಲೆ ಹಾದುಹೋಗುತ್ತದೆ. ಸೇತುವೆಗೆ ಮುಂಚೆ ಉದ್ದದ ಏರು. ಏರಿನ ತುದಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. "ಹೋಲ್ಡಾನ್! ಹೋಲ್ಡಾನ್!" ತಿರುಗಿ ನೋಡಿದರೆ ಟೈಲರಕ್ಕ ಏರಿನ ಬುಡದಲ್ಲಿದ್ದಾಳೆ. ಒಂದು ಕೈ ಮೇಲೆತ್ತಿದ್ದಾಳೆ, ಮುಖದಲ್ಲಿ ನಗು. ಕಾಲಿಗೆ ಬೂಟಿಲ್ಲ, ಬಚ್ಚಲಿಗೆ ಹೋಗುವಾಗ ಮೆಟ್ಟುವ ರಬ್ಬರ್ ಚಪ್ಪಲಿ. ಅದನ್ನು ಪಟಪಟ ಬಡಿಯುತ್ತ ಓಡುತ್ತಿದ್ದಾಳೆ.

"ಓಡ್ಬನ್ನಿ ಅಕ್ಕಾ, ಬಾಗಿಲು ಹಾಕ್ತೀವಿ!" ಎಂದು ಬೀಗದಣ್ಣ ಕೂಗಿ ನಕ್ಕ.

ಕಂಡಕ್ಟರಿಗೂ ನಗು ಬಂತು. ತಮಾಷೆಗೆಂದು ಸೀಟಿ ಬಾಯಿಗಿಟ್ಟು ಊದಿ, ಅವಳಿಗೆ ಬೆನ್ನು ಮಾಡಿ ನಾಲ್ಕು ಹೆಜ್ಜೆ ಮುಂದೆ ನಡೆದರು.

ತಿರುಗಿ ನೋಡಿದಾಗ ಅಕ್ಕ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರು. ಮೂವರೂ ಏರು ಇಳಿದು ಹತ್ತಿರ ಬಂದಾಗ ಆಕೆ ಮಾತಾಡಲು ಬಾಯಿ ತೆರೆದಳು, ಮಾತು ಬರಲಿಲ್ಲ. ಗಂಟಲಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಮೇಷ್ಟ್ರು ತಮ್ಮ ಟೋಪಿ ತೆಗೆದು ಗಾಳಿ ಹಾಕಿದರು. ಬೀಗದಣ್ಣ ರಸ್ತೆಗೆ ಅಡ್ಡ ನಿಂತು ಬಂದ ಬಂದ ಗಾಡಿಗಳಿಗೆಲ್ಲ ಕೈಮಾಡಿದ. ಒಂದು ಹಾಲಿನ ಗಾಡಿ ನಿಂತಿತು. ಟೈಲರಕ್ಕ ಆ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಮಗಳು ಆ ಮೂವರನ್ನೂ ಮುಂದಿನ ಕೋಣೆಯಲ್ಲಿ ಕೂರಿಸಿದಳು. ಮಿಷನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇತ್ತು. ನೆಲದ ಮೇಲೆ, ಸ್ಟೂಲಿನ ಪಕ್ಕದಲ್ಲಿ, ಅಕ್ಕನ ವಾಕಿಂಗ್ ಬೂಟುಗಳು. ಎರಡರ ಲೇಸೂ ಪೂರ್ತಿ ಕಳಚಿ ಹೊರಬಿದ್ದಿತ್ತು. ಒಂದರ ಹಿಂಭಾಗ ತುಳಿದು ಮಡಚಿಹೋಗಿತ್ತು.

"ನಾನು ಕೆಲಸದಿಂದ ಬಂದಾಗ ಹಿಂಗೇ ಬಿದ್ದಿದ್ವು ಅಂಕಲ್," ಅಂದಳು ಮಗಳು. "ಕಾಲು ಊದ್ಕೊಂಡಿತ್ತಂತೆ. ಡಾಕ್ಟ್ರು ಹೇಳಿದ್ರು, ಎರಡು ಮೂರು ದಿನದಿಂದ ನೀರು ತುಂಬ್ತಿರಬೇಕು ಅಂತ. ನನಗೆ ಹೇಳಿಲ್ಲ. ಹೇಳಿದ್ರೆ ನಡೆಯೋಕೆ ಬಿಡಲ್ಲ ಅಂತ ಗೊತ್ತಿತ್ತಲ್ಲ. ಬೂಟು ಹತ್ತಿಲ್ಲ. ನನ್ನ ಬಚ್ಚಲ ಚಪ್ಪಲಿ ಹಾಕ್ಕೊಂಡು ಬಂದಿದಾರೆ. ಒಂದು ದಿನಾನೂ ತಪ್ಪಿಸ್ಕೊಂಡಿಲ್ಲ ನೋಡಿ, ಬಸ್ಸು ಹೋಗ್ಬಿಡುತ್ತೆ ಹೋಗ್ಬಿಡುತ್ತೆ ಅನ್ನೋರು."

ಹುಡುಗಿಯ ಮಾತಿನಲ್ಲಿ ಆಪಾದನೆ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಕಂಡಕ್ಟರಿಗೆ ಅಷ್ಟರಮಟ್ಟಿಗೆ ಹಗುರವಾಗುತ್ತಿತ್ತು. ಅವರು ಬೂಟುಗಳನ್ನೇ ನೋಡುತ್ತ ಕೂತರು. ಬಾಗಿಲಿನಿಂದ ಸ್ಟೂಲಿಗೆ ನಾಲ್ಕೇ ಹೆಜ್ಜೆ ದೂರ. ಅಂದು ಗೇಟು ತೆಗೆದು, ಬಾಗಿಲು ತಳ್ಳಿ, "ಏನಕ್ಕಾ ತಡ?" ಎಂದು ಒಂದು ಮಾತು ಕೇಳಿದ್ದರೆ ಆ ಕಾಲು ಕಣ್ಣಿಗೆ ಬೀಳುತ್ತಿತ್ತು. ಕಂಡಿದ್ದರೆ ಸೀದಾ ಆಸ್ಪತ್ರೆ. ಮೇಡಂ ಅಷ್ಟು ಸಲ ಹೇಳಿಕೊಟ್ಟಿದ್ದು ಇದನ್ನೇ ಅಲ್ಲವೇ?

ಸುದ್ದಿ ಕೇಳಿ ಮೇಡಂ ಫೋನು ಮಾಡಿದಳು. ನಿಮ್ಮ ತಪ್ಪಲ್ಲ, ಓಡದಿದ್ದರೂ ಅಷ್ಟೊಂದು ನೀರು ತುಂಬಿದ ಮೇಲೆ ಹೇಳೋಕ್ಕಾಗಲ್ಲ, ನೀವು ನಿಲ್ಲಿಸಬೇಡಿ, ಉಳಿದವರನ್ನು ನಡೆಸಿ ಅಂದಳು. ಕಂಡಕ್ಟರು "ಹ್ಞೂಂ" ಅಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಸೀಟಿಯನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಹಾಕಿದರು.

ಬಸ್ಸು ನಿಂತಿತು. ಬೀಗದಣ್ಣ ಹೆದರಿಹೋಗಿದ್ದ. ಅವನು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಗಾಡಿಯಲ್ಲೇ ಹೋಗತೊಡಗಿದ. ಅಂಗಡಿಯಲ್ಲೂ ಅವನ ದನಿ ಕೇಳಿಸುತ್ತಿಲ್ಲ ಎಂದು ಜನ ಮಾತಾಡಿಕೊಂಡರು. ಮೇಷ್ಟ್ರ ಸುದ್ದಿಯೇ ಇರಲಿಲ್ಲ. ಕಂಡಕ್ಟರು ಬೀದಿ ಕಾಣುವ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಅಲ್ಲಿಯೇ ಟೀ, ಅಲ್ಲಿಯೇ ಊಟ. ಉಪ್ಪು ಹಾಕಿದ ಕಡಲೆಬೀಜದ ಪೊಟ್ಟಣವನ್ನು ಎಲ್ಲಿಂದ ತರಿಸುತ್ತಿದ್ದರೋ ಏನೋ, ಕುರ್ಚಿಯ ಸಂದಿಯಲ್ಲಿ ಸಿಪ್ಪೆ ಸಿಗುತ್ತಿತ್ತು. ತೂಕದ ಯಂತ್ರ ಮಂಚದ ಕೆಳಗೆ ಧೂಳು ಹಿಡಿಯಿತು. ಹೆಂಡತಿ ಅದನ್ನು ಎಳೆದು ತಂದು ಕಾಲ ಹತ್ತಿರ ಇಡುವಳು. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವರು.

"ನೀವು ಹಿಂಗೆ ಕೂತ್ರೆ ಆ ಪುಣ್ಯಾತ್ಗಿತ್ತಿ ಎದ್ದು ಬರ್ತಾಳೇನ್ರೀ?" ಎಂದು ಒಂದು ದಿನ ಕೇಳಿದಳು.

"ಬರಲ್ಲ."

"ಮತ್ತೆ? ನನ್ನ ಗತಿ ಏನು ಅಂತ ಒಂದು ದಿನನಾದ್ರೂ ಯೋಚ್ನೆ ಮಾಡಿದೀರಾ?"

"ಅವಳು ನಗ್ತಾ ಇದ್ಲು ಕಣೇ," ಅಂದರು ಕಂಡಕ್ಟರು. "ಕೈ ಎತ್ತಿದ್ಲು. ನಾನು ಕಂಡೆ. ಕಂಡು ಬೆನ್ನು ತಿರುಗಿಸ್ದೆ."

ಹೆಂಡತಿಗೆ ತಮ್ಮನ ಸೂಟ್‌ಕೇಸು ನೆನಪಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಇಷ್ಟು ವರ್ಷ ಚುಚ್ಚಲಿಕ್ಕೆಂದು ಇಟ್ಟುಕೊಂಡಿದ್ದ ಮಾತು ಈಗ ಆಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಆಕೆಗೆ ಗೊತ್ತಾಗಿತ್ತು. ಅಡುಗೆಮನೆಗೆ ಹೋಗಿ ಅತ್ತಳು. ಅತ್ತು ಮುಖ ತೊಳೆದುಕೊಂಡು ಮತ್ತೆ ಉಪ್ಪಿಲ್ಲದ ಸಾರು ಕುದಿಸಿದಳು.

ಹೀಗೆ ಚಳಿ ಕಳೆಯುತ್ತ ಬಂತು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಯಾರೋ ನಿಂತ ಹಾಗಾಯಿತು. ಟೋಪಿ. ಡ್ರಾಯಿಂಗ್ ಮೇಷ್ಟ್ರು.

ಹೆಂಡತಿ ಬಾಗಿಲಿಗೆ ಓಡಿದಳು. "ಅಯ್ಯೋ, ಒಳಗೆ ಬನ್ನಿ ಮೇಷ್ಟ್ರೇ, ಟೀ ಮಾಡ್ತೀನಿ."

"ಬೇಡಮ್ಮ. ಟೀಗೆ ಕೂತ್ರೆ ಬಿಸಿಲು ಬರುತ್ತೆ. ಅವರಿಗೆ ಹೇಳಿ, ನಾನು ನಿಂತಿರ್ತೀನಿ."

ಆಕೆ ಒಳಗೆ ಬಂದು ಹೇಳಿದಳು. ಕಂಡಕ್ಟರು ಪರದೆ ಎಳೆದುಕೊಂಡರು. "ಮಲಗಿದಾರೆ ಅನ್ನು."

"ಮಲಗಿದಾರಂತೆ," ಎಂದಳು ಹೆಂಡತಿ, ಆ 'ಅಂತೆ'ಯನ್ನು ಮೇಷ್ಟ್ರಿಗೂ ಕೇಳಿಸಿ ಗಂಡನಿಗೂ ಕೇಳಿಸುವ ಹಾಗೆ ಎಳೆದು.

ಮೇಷ್ಟ್ರು ಸ್ವಲ್ಪ ಹೊತ್ತು ನಿಂತು ಹೋದರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ. ಕರೆಯುತ್ತಿರಲಿಲ್ಲ, ಗೇಟು ತಟ್ಟುತ್ತಿರಲಿಲ್ಲ. ಬೀದಿ ಗುಡಿಸುವವರು ಬಂದು ಹೋಗುವರು, ಪೇಪರಿನವನು ಬಂದು ಹೋಗುವನು, ಮೇಷ್ಟ್ರು ಬೇಲಿಗೆ ಆತು ನಿಂತಿರುವರು. ಬಿಸಿಲು ಗೋಡೆಯ ಮೇಲಿಂದ ಇಳಿಯುವಾಗ ಟೋಪಿ ಸರಿಮಾಡಿಕೊಂಡು ಹೊರಟುಹೋಗುವರು. ಅಂದು ಟೈಲರಕ್ಕನ ಗೇಟಿನ ಮೇಲೆ ಕೈಯಿಟ್ಟು ನಿಂತವರು ಅವರೊಬ್ಬರೇ ಎಂಬುದು ಕಂಡಕ್ಟರಿಗೆ ನೆನಪಿತ್ತು. ಅದಕ್ಕೇ ಪರದೆಯ ಹಿಂದಿನಿಂದ ಅವರನ್ನು ನೋಡುವುದೂ ಕಷ್ಟವಾಗುತ್ತಿತ್ತು. ಬೈದು ಹೋಗಬಾರದೇ ಈ ಮನುಷ್ಯ, ಹೀಗೆ ನಿಲ್ಲುವುದಕ್ಕಿಂತ, ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಷ್ಟ್ರು ಬಂದಾಗ ಕೆಮ್ಮುತ್ತಿದ್ದರು. ಕೆಮ್ಮಿನ ನಡುವೆ ಬೇಲಿಯ ಕಂಬವನ್ನು ಹಿಡಿದುಕೊಂಡಿದ್ದನ್ನು ಕಂಡಕ್ಟರು ಕಂಡರು. ತಮಗಿಂತ ಹಿರಿಯರು, ತಮ್ಮದೇ ಕಾಯಿಲೆಯವರು, ಒಬ್ಬರೇ ನಡೆಯಲಾರದೆ ಇಲ್ಲಿ ಬಂದು ನಿಲ್ಲುತ್ತಿದ್ದಾರೆ. ಇವರೂ ಕೂತುಬಿಟ್ಟರೆ? ಕಂಡಕ್ಟರು ಪರದೆ ಸರಿಸಿದರು.

"ನನ್ನ ಬೂಟೆಲ್ಲಿಟ್ಟಿದೀಯಾ?" ಎಂದು ಕೇಳಿದರು.

ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು, ಬೂಟು ತಂದು, ಒರೆಸಿ ಕಾಲ ಬಳಿ ಇಟ್ಟಳು. ಏನಾದರೂ ಅಂದರೆ ಮನಸ್ಸು ಬದಲಾದೀತೆಂದು ತುಟಿ ಬಿಚ್ಚದೆ ಅಡುಗೆಮನೆಗೆ ಹೊರಟುಹೋದಳು.

ಕಂಡಕ್ಟರು ಬಗ್ಗಿದರು. ಬಗ್ಗುವಾಗಲೇ ಉಸಿರು ಕಟ್ಟಿತು. ಬಲಗಾಲನ್ನು ಬೂಟಿಗೆ ತುರುಕಿದರು. ಕಾಲು ಅರ್ಧಕ್ಕೆ ನಿಂತಿತು. ಲೇಸು ಸಡಿಲಿಸಿದರು. ಹತ್ತಲಿಲ್ಲ. ಲೇಸನ್ನು ಪೂರ್ತಿ ಕಳಚಿ ಹೊರಗೆಳೆದರು, ಬೂಟಿನ ನಾಲಿಗೆಯನ್ನು ಮೇಲಕ್ಕೆತ್ತಿದರು, ಹಿಮ್ಮಡಿಯ ಹತ್ತಿರ ಬೂಟಿನ ಹಿಂಭಾಗ ಮಡಚಿಕೊಂಡಿತು. ಹತ್ತಲಿಲ್ಲ. ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ ತೆಗೆದರು. ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಉಳಿಯಿತು.

ಹೊರಗಿನಿಂದ ಮೇಷ್ಟ್ರು ಕೆಮ್ಮಿದ್ದು ಕೇಳಿಸಿತು. ಕಾಯುತ್ತಿದ್ದಾರೆ. ಇಷ್ಟು ದಿನ ಕಾಯಿಸಿ ಇವತ್ತೂ ಬರುವುದಿಲ್ಲ ಅನ್ನುವುದು ಹೇಗೆ? ಮೂಲೆಯಲ್ಲಿ ಹೆಂಡತಿಯ ಚಪ್ಪಲಿ ಇತ್ತು. ಸದ್ಯಕ್ಕೆ ಅದನ್ನೇ ಮೆಟ್ಟಿಕೊಂಡು ಹೋಗಿಬಿಡೋಣ ಎಂದು ಕೈಚಾಚಿದರು. "ಬಂದೆ, ಒಂದ್ನಿಮಿಷ!" ಎಂದು ಕೂಗಿದರು.

ಕೂಗಿದ ಮೇಲೆ ತಮ್ಮ ದನಿ ತಮಗೇ ಕೇಳಿಸಿತು. ಚಾಚಿದ ಕೈ ಅಲ್ಲೇ ನಿಂತಿತು. ಲೇಸು ಕಳಚಿದ ಬೂಟು ನೆಲದ ಮೇಲಿತ್ತು. ಮುಚ್ಚಿದ ಬಾಗಿಲಿನ ಈಚೆ ಟೈಲರಕ್ಕ ಕೂತದ್ದು ಹೀಗೇ, ಕೂಗಿದ್ದು ಹೀಗೇ. ಸೋಮಾರಿತನವಲ್ಲ, ಟೀ ಅಲ್ಲ. ನಾಚಿಕೆ. ಎಲ್ಲರೂ ನಡೆಯುವಾಗ ತನ್ನ ಕಾಲು ಬೂಟಿಗೆ ಹತ್ತಲಿಲ್ಲ ಎಂದು ಹೇಳಲು ನಾಚಿಕೆ. ಅಷ್ಟು ಹೇಳಲು ಮನಸ್ಸು ಗಟ್ಟಿಮಾಡಿಕೊಳ್ಳುವುದಕ್ಕೆ ಒಂದು ನಿಮಿಷ ಕೇಳಿದ್ದಳು.

"ಅವಸರ ಇಲ್ಲ ಕಂಡಕ್ಟ್ರೇ," ಎಂದರು ಹೊರಗಿನಿಂದ ಮೇಷ್ಟ್ರು. "ನಾನು ಹೋಗಲ್ಲ."

ಕಂಡಕ್ಟರು ಗೋಡೆ ಹಿಡಿದು ಎದ್ದು ಬರಿಗಾಲಲ್ಲೇ ಬಾಗಿಲು ತೆಗೆದರು. "ಮೇಷ್ಟ್ರೇ," ಅಂದರು. ಮಾತು ತುಂಡಾಯಿತು. "ಬೂಟು ಹತ್ತಾ ಇಲ್ಲ."

ಮೇಷ್ಟ್ರು ಅವರ ಕಾಲು ನೋಡಿದರು. ಗೇಟು ತೆಗೆದು ಮೊದಲ ಸಲ ಒಳಗೆ ಬಂದರು. ಕಂಡಕ್ಟರನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಡತಿಗೆ ಆಸ್ಪತ್ರೆಗೆ ಗಾಡಿ ಕರೆಯಲು ಹೇಳಿದರು. ಆಕೆ ಅಲ್ಲೇ ನಿಂತು ಫೋನು ಮಾಡಿದಳು.

"ಎಷ್ಟು ದಿನದಿಂದ?" ಎಂದು ಕೇಳಿದರು ಮೇಷ್ಟ್ರು.

"ಗೊತ್ತಿಲ್ಲ. ನೋಡ್ಕೊಂಡಿಲ್ಲ." ಕಂಡಕ್ಟರು ಉಸಿರೆಳೆದುಕೊಂಡರು. "ನೀವು ನಿಂತಿದ್ರಿ, ಹೇಳ್ದೆ. ಅವಳು ಯಾರಿಗೆ ಹೇಳ್ಬೇಕಿತ್ತು ಮೇಷ್ಟ್ರೇ? ಯಾರಿದ್ರು ಅಲ್ಲಿ?"

ಮೇಷ್ಟ್ರು ಬಗ್ಗಿ ಲೇಸು ಕಳಚಿದ ಬೂಟನ್ನು ಪಕ್ಕಕ್ಕೆ ಸರಿಸಿದರು. ಟೈಲರಕ್ಕನ ಗೇಟಿನ ಮೇಲಿಟ್ಟ ಕೈಯನ್ನು ಅಂದು ಅವರೂ ತೆಗೆದು ಕಂಡಕ್ಟರ ಹಿಂದೆ ಹೊರಟವರೇ.

ಗಾಡಿ ಬಂತು. ಹೆಂಡತಿ ಮಾತ್ರೆಯ ಡಬ್ಬಿ, ಒಂದು ಜೊತೆ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ಇಬ್ಬರು ಮುದುಕರು ಒಬ್ಬರಿಗೊಬ್ಬರು ಆತುಕೊಂಡು, ನಿಂತು ನಿಂತು, ಹೊಸ್ತಿಲು ದಾಟುತ್ತಿದ್ದರು. ಡ್ರೈವರಿಗೆ ತಡವಾಗಿರಬೇಕು. ಎರಡು ಸಲ ಹಾರನ್ ಹೊಡೆದ. ಕಂಡಕ್ಟರ ಮೈ ಬೆಚ್ಚಿತು. ಕಾಲು ತಾನಾಗಿಯೇ ಅವಸರದ ಹೆಜ್ಜೆ ಹಾಕಲು ಹೋಯಿತು. ಮೇಷ್ಟ್ರು ತೋಳನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದರು. ಆಮೇಲೆ, ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದ ಆ ಮನುಷ್ಯ, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು:

"ಬಂದ್ವಿ ಕಣಪ್ಪಾ! ಒಂದ್ನಿಮಿಷ!"

ಡ್ರೈವರು ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾಗಿಲು ತೆಗೆದು ಹಿಡಿದುಕೊಂಡು ಕಾದ. ಒಂದು ನಿಮಿಷಕ್ಕಿಂತ ಹೆಚ್ಚೇನೂ ಆಗಲಿಲ್ಲ.